ಸಾವಿರದ ಒಂಬೈನೂರು ಕಿಲೋಮೀಟರ್

ಆ ಊರಿಗೆ ವಿಮಾನದ ಟಿಕೆಟ್ ಒಂಬತ್ತು ಸಾವಿರ. ಒಂದು ಅಂಗಿಯ ಹೊಲಿಗೆ ಇನ್ನೂರು. ನಲವತ್ತೈದು ಅಂಗಿ ಹೊಲಿದರೆ ಒಂದು ಹಾರಾಟ. ಹಿಂದೊಮ್ಮೆ ಮಗ ಆಸೆಪಟ್ಟಾಗ ಟೈಲರಮ್ಮ ಈ ಲೆಕ್ಕ ಹಾಕಿ, "ಎರಡು ರೆಕ್ಕೆ ಹೊಲಿದುಕೊಡ್ತೀನಿ, ಹಾರ್ಕೊಂಡು ಹೋಗು. ಅಗ್ಗ ಆಗತ್ತೆ" ಎಂದು ಬಾಯಿ ಮುಚ್ಚಿಸಿದ್ದಳು. ಇವತ್ತು ಅವಳಿಗೆ ಬಿಡಿಗಾಸಿನ ಖರ್ಚೂ ಇರಲಿಲ್ಲ. ಅವಸರಕ್ಕೆಂದೇ ಗೊತ್ತುಮಾಡಿದ ಸಣ್ಣ ವಿಮಾನ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಮೇಲೇರಿತ್ತು.

ಆಸ್ಪತ್ರೆಯ ಮೂರನೆಯ ಮಹಡಿಯ ಬೆಂಚಿನ ಮೇಲೆ ಅವಳು, ಪಕ್ಕದಲ್ಲಿ ಬಸ್ ಓಡಿಸುವ ತಮ್ಮ. ಅವನ ಮೊಬೈಲಿನ ನಕ್ಷೆಯಲ್ಲಿ ಇರುವೆಯಷ್ಟೇ ದೊಡ್ಡ ವಿಮಾನ ತೆವಳುತ್ತಿತ್ತು.

"ಎಷ್ಟು ದೂರವೋ?"

"ಸಾವಿರದ ಒಂಬೈನೂರು ಕಿಲೋಮೀಟರ್. ನನ್ನ ಬಸ್ಸಿಗೆ ಒಂದೂವರೆ ದಿನ. ಇದಕ್ಕೆ ಎರಡು ಗಂಟೆ ಮೂವತ್ತೈದು ನಿಮಿಷ."

ನಾಲ್ಕು ಗಂಟೆಯೊಳಗೆ ಅಲ್ಲಿಯ ಆಪರೇಷನ್ ಟೇಬಲ್ ಮುಟ್ಟಬೇಕು, ತಡವಾದರೆ ಏನೂ ಮಾಡಲಾಗದು ಎಂದಿದ್ದರು ದೊಡ್ಡ ಡಾಕ್ಟರು. ಗಂಟೆಗೊಂದು ಅಂಗಿ ಹೊಲಿಯುವವಳು ಅವಳು. ಮೂರು ಅಂಗಿಯ ಹೊತ್ತಿಗೆ ತಲುಪಿದರೂ ಇನ್ನೊಂದು ಅಂಗಿಯ ಹೊತ್ತು ಮಿಗುತ್ತದೆ ಎಂದುಕೊಂಡಳು. ಬಾಯಿಬಿಟ್ಟು ಹೇಳಿಯೂಬಿಟ್ಟಳು.

"ನಾಲ್ಕು ಗಂಟೆ ವಿಮಾನ ಏರಿದಾಗಿಂದ ಅಲ್ಲಕ್ಕ. ಇಲ್ಲಿಂದ ಹೊರಟಾಗಿಂದ. ಒಂಬತ್ತು ಹತ್ತಕ್ಕೇ ಶುರು."

ಅರ್ಧ ಅಂಗಿಯ ಹೊತ್ತು ಕೂತಲ್ಲೇ ಕೈಜಾರಿತು.

"ಬಸ್ಸು ಹತ್ತಿದ್ರೇ ಹೊಟ್ಟೆ ತೊಳಸತ್ತೆ ಅವನಿಗೆ."

"ಇವತ್ತೇನೂ ಆಗಲ್ಲ, ಬಿಡು."

"ನನ್ನನ್ನೂ ಕೂರಿಸ್ಕೋಬಹುದಿತ್ತು."

"ಡಾಕ್ಟರಿಗೇ ಕಾಲು ಚಾಚೋಕೆ ಜಾಗ ಇಲ್ವಂತೆ. ನೀನಾದ್ರೆ ಹೊಲಿಗೆ ಮಿಷನ್ನೂ ಹೊತ್ಕೊಂಡು ಹತ್ತಿರ್ತಿದ್ದೆ."

ಅವಳಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಹನ್ನೆರಡೂಕಾಲಿಗೆ ಇಳಿಯಬೇಕಿದ್ದ ಇರುವೆ ಆ ಊರಿನ ಮೇಲೆ ಸುತ್ತು ಹಾಕತೊಡಗಿತು.

"ಯಾಕೋ ಹೀಗೆ ತಿರುಗ್ತಾ ಇದೆ?"

"ಅಲ್ಲಿ ಗಾಳಿಮಳೆ ಅನ್ಸತ್ತೆ. ಇಳಿಯೋಕೆ ಬಿಡ್ತಿಲ್ಲ."

"ಫೋನ್ ಮಾಡಿ ಹೇಳೋ, ಹೊತ್ತಾಯ್ತು ಅಂತ!"

"ಯಾರಿಗೆ ಹೇಳ್ಲಿ ಅಕ್ಕ? ಮಳೆಗಾ?"

ಎರಡನೆಯ ಸುತ್ತು. ಮೂರನೆಯ ಸುತ್ತು. ಅವಳ ಕೈ ತನ್ನ ಸೆರಗಿನ ಅಂಚಿನ ದಾರವನ್ನು ಎಳೆ ಎಳೆಯಾಗಿ ಬಿಚ್ಚುತ್ತಿತ್ತು. ಅವಳಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಹನ್ನೆರಡು ಮೂವತ್ತೈದಕ್ಕೆ ಇರುವೆ ನಿಂತಿತು. ಅಲ್ಲಿಂದಾಚೆ ಆಂಬುಲೆನ್ಸು, ಅದು ನಕ್ಷೆಯಲ್ಲಿ ಕಾಣುವುದಿಲ್ಲ.

ಒಂದು ಗಂಟೆಗೆ ಸುದ್ದಿ ಬಂತು: ಹದಿನೈದು ನಿಮಿಷ ಉಳಿದಿರುವಾಗ ಟೇಬಲ್ ಮುಟ್ಟಿದೆ. ಆಮೇಲೆ ಒಂದೂವರೆ ಗಂಟೆ ಸುದ್ದಿಯೇ ಇಲ್ಲ. ಕೊನೆಗೆ ದೊಡ್ಡ ಡಾಕ್ಟರು ತಾವೇ ನಡೆದು ಬಂದರು.

"ಜೀವ ಉಳೀತಾ?" ಅವಳು ಎದ್ದು ನಿಂತಳು.

"ಉಳೀತು ತಾಯಿ. ಎದೆ ಚೆನ್ನಾಗಿ ಬಡ್ಕೋತಾ ಇದೆಯಂತೆ."

ತಮ್ಮ ಗೋಡೆಗೆ ಹಣೆಯಿಟ್ಟು ಬಿಕ್ಕಿದ. ಆಗ ಬೆಂಚಿನ ಹಿಂದಿನ ಬಾಗಿಲು ತೆರೆದು ನರ್ಸ್ ಮೆಲ್ಲಗೆ ಕೇಳಿದಳು: "ಅಮ್ಮಾ, ಮಗನನ್ನ ಇನ್ನು ಮನೆಗೆ ತಗೊಂಡು ಹೋಗಬಹುದು. ಹೊದಿಸೋಕೆ ಬಟ್ಟೆ ತಂದಿದ್ದೀರಾ?"

ಆ ಊರಲ್ಲಿ ಗುರುತಿಲ್ಲದ ಯಾರದೋ ಮಗಳು ಉಳಿದಳು. ವಿಮಾನದಲ್ಲಿ ಹೋದದ್ದು ಇವಳ ಮಗನ ಹೃದಯ ಮಾತ್ರ.