ಎಂಟನೇ ಬೆಡ್ಡು

"ಕಾರ್ಕಳದ ಬಸ್ಸು ಹೋಯಿತಾ?" ಎಂದು ಎಂಟನೇ ಬೆಡ್ಡಿನ ಸುಕುಮಾರ ಕೇಳಿದಾಗ ನರ್ಸ್ ದೀಕ್ಷಿತಾಳಿಗೆ ಮೊದಲು ನಗು ಬಂತು. ಕಿಟಕಿಯ ಹೊರಗೆ ಕುವೈತಿನ ಬಿಸಿಲು ಬೆಳಿಗ್ಗೆ ಏಳಕ್ಕೇ ಕಣ್ಣು ಚುಚ್ಚುತ್ತಿತ್ತು. ತಮಾಷೆ ಇರಬೇಕೆಂದು ಅವಳೂ, "ಇಲ್ಲ ಮಾಮ, ಕಂಡಕ್ಟರ್ ನಿಮಗೇ ಕಾಯ್ತಾ ಇದ್ದಾನೆ" ಎಂದಳು. ಸುಕುಮಾರ ನಗಲಿಲ್ಲ. ಚಪ್ಪಲಿ ಹುಡುಕುತ್ತ ಮಂಚದಿಂದ ಕಾಲಿಳಿಸಿದರು. ದೀಕ್ಷಿತಾ ಅವರ ಭುಜ ಹಿಡಿದು ಕೂರಿಸಿದಳು. "ಮಾಮ, ಎರಡೂ ಕೈ ಮುಂದೆ ಚಾಚಿ ಹಿಡೀರಿ" ಎಂದಳು. ಚಾಚಿದ ಅಂಗೈಗಳು ಅಂಗಳದ ಕೋಳಿ ಓಡಿಸುವವರ ಹಾಗೆ ತಮ್ಮಷ್ಟಕ್ಕೆ ಬಡಿದುಕೊಂಡವು.

ಈಜಿಪ್ಟಿನ ಡಾಕ್ಟರು ಓಡಿಬಂದರು. ಸುಕುಮಾರರ ಲಿವರ್ ಕೆಟ್ಟು ಮೂರು ವರ್ಷವಾಗಿತ್ತು. ಅದು ಸೋಸದೆ ಬಿಟ್ಟ ವಿಷ ತಲೆಗೇರಿದರೆ ಎಲ್ಲಿದ್ದೇವೆಂದೇ ಮರೆತುಹೋಗುತ್ತದೆ, ಕೈ ಹೀಗೆ ಬಡಿದುಕೊಳ್ಳುತ್ತದೆ. ಹಾಗಾಗದಿರಲೆಂದೇ ದಿನಕ್ಕೆ ಮೂರು ಹೊತ್ತು ಒಂದು ಸಿಹಿ ಸಿರಪ್ಪು. ಅದನ್ನು ಕುಡಿದರೆ ಎರಡು ಮೂರು ಸಲ ಹೊಟ್ಟೆ ಸಡಿಲವಾಗಿ ವಿಷವೆಲ್ಲ ಹೊರಗೆ ಹೋಗುತ್ತದೆ.

"ಸಿರಪ್ ಕುಡಿಯುತ್ತಿದ್ದಾರಾ?" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು ಡಾಕ್ಟರ್. ನಾನೇ ಕೊಟ್ಟಿದ್ದೇನೆ." ಚಾರ್ಟಿನಲ್ಲಿ ಅವಳ ಟಿಕ್ಕುಗಳು ಸಾಲಾಗಿ ನಿಂತಿದ್ದವು. ಹಾಗಾದರೆ ಬೇರೇನೋ ಇರಬೇಕೆಂದು ಡಾಕ್ಟರು ತಲೆಯ ಸ್ಕ್ಯಾನು, ಹೊಸ ಇಂಜೆಕ್ಷನ್ನು ಬರೆಯಲು ಹೊರಟರು.

ಟವೆಲಿಗೆಂದು ಮಂಚದ ಪಕ್ಕದ ಕಪಾಟು ತೆರೆದ ದೀಕ್ಷಿತಾಳ ಕೈಗೆ ಸಿಕ್ಕಿದ್ದು ಒಂದು ನೀರಿನ ಬಾಟಲಿ. ಒಳಗೆ ತುಂಬ ಹಳದಿ ಸಿರಪ್ಪು! ಶುವೈಖ್‌ನ ಸ್ಪೇರ್‌ಪಾರ್ಟ್ಸ್ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದ ಸುಕುಮಾರರ ಕೈಕೆಲಸ ಅದು. ಬಾಟಲಿಗೆ ಉದ್ದಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿ, ಒಂದೊಂದು ಡೋಸಿಗೂ ಗೆರೆ ಎಳೆದು, ದುಂಡಗೆ ಬರೆದಿದ್ದರು: ಸೋಮವಾರ ಬೆಳಿಗ್ಗೆ, ಸೋಮವಾರ ಮಧ್ಯಾಹ್ನ, ಮಂಗಳವಾರ ಬೆಳಿಗ್ಗೆ... ನಿನ್ನೆಯವರೆಗೆ ಎಂಟು ಗೆರೆ. ಎಂಟೂ ಅವಳ ಡ್ಯೂಟಿಯ ಹೊತ್ತಿನದ್ದೇ. ರಾತ್ರಿಯ ನರ್ಸ್ ಕೊಟ್ಟ ಡೋಸ್ ಮಾತ್ರ ಹೊಟ್ಟೆಗೆ ಹೋಗಿತ್ತು.

ಬೇರೆ ರೋಗಿಯಾಗಿದ್ದರೆ ಎದುರು ನಿಂತು ಕುಡಿಸಿಯೇ ಅವಳು ಟಿಕ್ ಹಾಕುತ್ತಿದ್ದಳು. ಇವರು ಊರಿನವರು. ಸೋಮವಾರ ಈ ವಾರ್ಡಿಗೆ ಬಂದವಳೇ, "ನನ್ನ ಅಮ್ಮನ ತವರೂ ಬೆಳ್ಮಣ್ ಮಾಮ. ನಿಮ್ಮ ಕುಸುಮಕ್ಕನ ಗುರ್ತ ಉಂಟು ಅಮ್ಮನಿಗೆ" ಎಂದು ಹಿಗ್ಗಿಹೋಗಿದ್ದಳು. ನೆಂಟರ ಮುಂದೆ ಪೊಲೀಸರ ಹಾಗೆ ನಿಲ್ಲುವುದು ಚೆಂದವೇ ಎಂದು ಔಷಧಿಯ ಲೋಟವನ್ನು ಮೇಜಿನ ಮೇಲಿಟ್ಟು ಹೋಗಿಬಿಡುತ್ತಿದ್ದಳು. ಮರಳಿ ಬಂದಾಗ ಲೋಟ ಖಾಲಿ. ಹೊಟ್ಟೆ ಹೇಗುಂಟು ಎಂದರೆ, "ಸರಿ ಉಂಟು ಮಗಾ." ಅಲ್ಲಿಗೆ ಮುಗಿಯಿತು.

ಬಾಟಲಿಯನ್ನು ಸಿಂಕಿಗೆ ಸುರಿಯಲು ಒಂದು ನಿಮಿಷ ಸಾಕಿತ್ತು. ಯಾರೂ ನೋಡಿರಲಿಲ್ಲ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸುಳ್ಳು ಟಿಕ್ ಹಾಕಿದವಳನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಆದರೆ ಅತ್ತ ಡಾಕ್ಟರು ಇಲ್ಲದ ಕಾಯಿಲೆ ಹುಡುಕುತ್ತಿದ್ದರು, ಇತ್ತ ಮಾಮನ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಅವಳು ಬಾಟಲಿಯನ್ನು ತಂದು ಡಾಕ್ಟರ ಮುಂದಿಟ್ಟಳು. "ನಾನು ಕುಡಿಸಲಿಲ್ಲ ಡಾಕ್ಟರ್. ಇಟ್ಟುಹೋಗಿ ಟಿಕ್ ಹಾಕಿದೆ." ಡಾಕ್ಟರು ಅವಳನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿದರು.

ಸುಕುಮಾರರಿಗೆ ಎನಿಮಾ ಕೊಟ್ಟರು, ಮೂಗಿನ ನಳಿಕೆಯಲ್ಲಿ ಸಿರಪ್ಪು ಬಿಟ್ಟರು. ದೀಕ್ಷಿತಾಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಎರಡು ದಿನಕ್ಕೆ ಸುಕುಮಾರರಿಗೆ ಬಸ್ಸು ಮರೆತು ಕುವೈತ್ ನೆನಪಾಯಿತು.

"ಎಂತ ಮಾಮ ನೀವು ಮಾಡಿದ್ದು? ಸತ್ತೇಹೋಗ್ತಿದ್ರಿ!" ದೀಕ್ಷಿತಾಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ಅದನ್ನು ಬಾಟಲಿಯಲ್ಲಿ ಯಾಕೆ ತುಂಬಿಸಿಟ್ಟದ್ದು?"

"ಮದ್ದು ಚೆಲ್ಲುದು ಹೇಗೆ? ಡಿಸ್ಚಾರ್ಜ್ ಆಗಿ ರೂಮಿಗೆ ಹೋದ ಮೇಲೆ ಕುಡಿಯುವ ಅಂತ." ಸುಕುಮಾರ ಹೊದಿಕೆಯ ಅಂಚನ್ನು ಮಡಚುತ್ತ ಕೂತರು. "ಅದು ಕುಡಿದ್ರೆ ಕಕ್ಕಸಿಗೆ ಕೈ ಹಿಡಿದು ಕರ್ಕೊಂಡು ಹೋಗ್ಲಿಕ್ಕೆ ನಿನ್ನನ್ನೇ ಕರೀಬೇಕು. ಎಷ್ಟು ಸಲ ಆಯ್ತು, ಹೇಗೆ ಆಯ್ತು, ಎಲ್ಲ ನಿನ್ನ ಹತ್ರವೇ ಹೇಳ್ಬೇಕು."

"ನಾನು ಬರುವ ಮೊದಲು ಫಿಲಿಪೈನ್ಸಿನ ಸಿಸ್ಟರ್ ಹತ್ರ ಹೇಳ್ತಿದ್ರಲ್ಲ?"

"ಅವಳಿಗೆ ನಾನು ಎಂಟನೇ ಬೆಡ್ಡು ಮಗಾ. ನಿನಗೆ ನಾನು ಕುಸುಮಾವತಿಯ ಗಂಡ."

ಊರಿನ ಮಾತು ಕೇಳಿದರೆ ಅರ್ಧ ರೋಗ ಗುಣವಾದೀತೆಂದು ನಂಬಿದ್ದವಳು ದೀಕ್ಷಿತಾ. ಎಂಟನೇ ಬೆಡ್ಡನ್ನು ಬೇರೆಯವರಿಗೆ ಕೊಡಿ ಎಂದು ಇನ್‌ಚಾರ್ಜ್ ಹತ್ತಿರ ಕೇಳಿದಳು. ಜನ ಎಲ್ಲಿದ್ದಾರೆ ಎಂದರು ಅವರು.

ಮರುದಿನ ಬೆಳಿಗ್ಗೆ ದೀಕ್ಷಿತಾ ಮಾಸ್ಕನ್ನು ಕಣ್ಣಿನ ತನಕ ಏರಿಸಿ, ಎಂಟನೇ ಬೆಡ್ಡಿನ ಸುತ್ತ ಪರದೆ ಎಳೆದಳು. ಲೋಟ ಮುಂದೆ ಹಿಡಿದು, ಗುರ್ತವೇ ಇಲ್ಲದವಳ ಹಾಗೆ ಹಿಂದಿಯಲ್ಲಿ, "ಪೀಲೋ ಭಾಯಿ" ಎಂದಳು. ಕೊನೆಯ ಗುಟುಕು ಗಂಟಲಿಳಿಯುವವರೆಗೂ ಅಲ್ಲಾಡಲಿಲ್ಲ. ಚಾರ್ಟು ತೆಗೆದು, "ಕಲ್ ಸೇ ಕಿತ್ನೀ ಬಾರ್?" ಎಂದು ನಿನ್ನೆಯಿಂದ ಎಷ್ಟು ಸಲವೆಂಬ ಲೆಕ್ಕ ಕೇಳಿದಳು.

ಸುಕುಮಾರ ಅವಳ ಕಣ್ಣನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೂರಿನ ಕಡೆ ತಿರುಗಿ ಮೂರು ಬೆರಳೆತ್ತಿದರು. "ತೀನ್ ಬಾರ್, ಸಿಸ್ಟರ್."

ಅವಳು ಬರೆದುಕೊಂಡಳು. ಪರದೆ ಸರಿಸಿ, ಮಾಸ್ಕನ್ನು ಗದ್ದಕ್ಕೆ ಇಳಿಸಿದಳು.

"ತಿಂಡಿ ಆಯ್ತಾ ಮಾಮ?"

ಸುಕುಮಾರರ ಮುಖ ಅರಳಿತು. "ಓ, ನೀನು ಈಗ ಬಂದದ್ದಾ ಮಗಾ?" ಎಂದರು.