ಚಪ್ಪಲಿ ಯಾರ ಕಡೆಯದು

ಮಗಳು ಇನ್ನು ಮುಂದೆ ತಾಯಿಯ ಜೊತೆಗಿರಲಿ ಎಂದು ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶೆ ಹೇಳಿದರು. ಅಪ್ಪ ಮುಖ ಬಿಗಿದುಕೊಂಡ. ಅಮ್ಮ ಗೆದ್ದವಳಂತೆ ಎದ್ದು ಮಗಳತ್ತ ಕೈ ಚಾಚಿದಳು.

ಮಗು ಅಲ್ಲೇ ಕೂತು, ಕಾಲಲ್ಲಿದ್ದ ಹೊಸ ಚಪ್ಪಲಿ ಬಿಚ್ಚಿ ಅಪ್ಪನ ಮುಂದಿಟ್ಟಿತು.

"ಯಾಕೆ ಪುಟ್ಟಿ, ಬಿಚ್ಚಿಬಿಟ್ಟೆ?" ನ್ಯಾಯಾಧೀಶೆ ಕೇಳಿದರು.

"ಇದು ಅಪ್ಪ ಕೊಡಿಸಿದ್ದು. ಮನೆಗೆ ಹಾಕ್ಕೊಂಡು ಹೋದ್ರೆ ಅಮ್ಮ ಬಯ್ತಾಳೆ."

ಅಮ್ಮ ತಲೆ ತಗ್ಗಿಸಿದಳು.

"ಇದೇ ಮೇಡಂ ನಾನು ಹೇಳಿದ್ದು," ಎಂದ ಅಪ್ಪ.

"ಅಮ್ಮ ಕೊಡಿಸಿದ್ದನ್ನ ಅಪ್ಪ ಕಸದ ಬುಟ್ಟಿಗೆ ಹಾಕ್ತಾರೆ," ಎಂದಿತು ಮಗು.

ಅವನೂ ನೆಲ ನೋಡತೊಡಗಿದ.

ನ್ಯಾಯಾಧೀಶೆ ತೀರ್ಪಿನ ಹಾಳೆಯನ್ನು ಪಕ್ಕಕ್ಕಿಟ್ಟರು. "ನಾನೇನು ಮಾಡ್ಲಿ ಹೇಳಮ್ಮ?"

ಮಗು ಬರಿಗಾಲಲ್ಲಿ ಅವರ ಮೇಜಿನ ಹತ್ತಿರ ಹೋಯಿತು.

"ನೀವೊಂದು ಜೊತೆ ಕೊಡಿಸ್ತೀರಾ? ನೀವು ಕೊಡಿಸಿದ್ದು ಅಂದ್ರೆ ಇಬ್ರೂ ಬಯ್ಯಲ್ಲ."