ಸೂಲಗಿತ್ತಿ ಸಂಕವ್ವನ ಹಲ್ಲಿನ ಬೆಳಕು

ಸೂರ್ಯ ಆರಿ ಹನ್ನೆರಡು ವರ್ಷವಾಗಿತ್ತು. ಗದಗಿನ ಜನ ಬಿಳಿ ಮಾಡಿಸಿದ ಹಲ್ಲಿನ ಬೆಳಕಿನಲ್ಲೇ ಬದುಕುತ್ತಿದ್ದರು. ಸಾವಿರ ಎಲೆತೋಟ ಜಗಿದು ಮುಗಿಸಿದ್ದ ಸೂಲಗಿತ್ತಿ ಸಂಕವ್ವನ ಹಲ್ಲು ಮಾತ್ರ ಕೆಂಪು. ಕತ್ತಲಲ್ಲೇ ತಡವಿ ಲಕ್ಷ ಕೂಸು ಹಿಡಿದಿದ್ದಳು. ಮೊಮ್ಮಗಳ ಹೆರಿಗೆ ಹತ್ತಿರ ಬಂದಾಗ ತನ್ನ ಆ ಕೈಯನ್ನೂ ನಂಬದೆ ದಂತವೈದ್ಯೆಯ ಮುಂದೆ ಬಾಯಿ ತೆರೆದಳು.

ಹುಳುಕು ತುಂಬಿ, ಒಸಡಿಗೆ ಲೇಪ ಹಚ್ಚಿ, ಹಲ್ಲು ಬೆಳಗಿಸಿದ ವೈದ್ಯೆ ಹೇಳಿದಳು: “ಎರಡು ದಿನ ಎಲಿ-ಅಡಕಿ, ಚಾ ಬ್ಯಾಡ್ರಿ ಅವ್ವಾರ, ಬೆಳಕು ಆರತೈತಿ. ಗಾಳಿಗೆ ಜುಮ್ ಅಂತಾವ, ಹೆದರಬ್ಯಾಡ್ರಿ. ಮುಂದಿನ ಕಟ್ಟಿಸಿದ ಹಲ್ಲು ಬೆಳಗಂಗಿಲ್ಲ.”

“ಅದು ನನ್ನಂಗ ಹಟಮಾರಿ ಬಿಡವಾ!” ಎಂದಳು ಸಂಕವ್ವ.

ಮರುದಿನವೇ ನೋವು ಬಂತು. ಹೆರಿಗೆ ಕೋಣೆಗೆ ಸೂಲಗಿತ್ತಿ ಒಬ್ಬಳೇ ಹೋಗಬೇಕು, ತಾಂಬೂಲ ಜಗಿದೇ ಹೋಗಬೇಕು ಎಂಬುದು ರೂಢಿ. ಮೊಮ್ಮಗಳ ಅತ್ತೆ ಹೊಸ್ತಿಲಲ್ಲಿ ತಟ್ಟೆ ಚಾಚಿದಳು.

“ಜಗೀರಿ ಅವ್ವಾರ, ಅಪಶಕುನ ಆದೀತು!”

“ಕತ್ತಲದಾಗ ಕೂಸು ಕೈಜಾರಿದ್ರ ಅದು ಶುಭಶಕುನ ಏನು?” ಎಂದು ಸಂಕವ್ವ ತಾಂಬೂಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಹೋಗಿ ಬಾಯಿ ತೆರೆದಳು.

ಏಳು ಹಗಲು ಒಮ್ಮೆಗೇ ಕೋಣೆಗೆ ನುಗ್ಗಿದವು. ಕೂಸಿನ ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿ ಕಂಡಿತು. ಮೆಲ್ಲಗೆ ಬಿಡಿಸಿದಳು. ಕೂಸು ಅತ್ತಿತು, ಆಮೇಲೆ ಕಣ್ಣು ತೆರೆದು ಆ ಬೆಳಕನ್ನೇ ನೋಡುತ್ತ ಅಳು ಮರೆಯಿತು.

ಬೆಟ್ಟ ಸೀಳುವಂತೆ ಹಲ್ಲು ಜುಮ್ಮೆನ್ನುತ್ತಿತ್ತು. ಸಂಕವ್ವ ಬಾಯಿ ಮುಚ್ಚಲಿಲ್ಲ.